ಮೂರನೆಯ ಅಭ್ಯರ್ಥಿ

ಪುಣೆ
೧೪ ಜೂನ್ ೨೦೦೪

ಅಂಬಾ,

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಫೋನು ಇರುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ. ನಾನು ಹಲೋ ಅನ್ನುವಷ್ಟರಲ್ಲಿ ಗೊಬ್ಬರ ಒಯ್ಯಲು ಬಂದ ಅರ್ಧ ಇಂದಾಪುರಕ್ಕೆ ನನ್ನ ಸುದ್ದಿ ಗೊತ್ತಾಗಿರುತ್ತದೆ. ಅದಕ್ಕೇ ಪತ್ರ. ನಿನ್ನಿಂದ ಒಂದು ಕೆಲಸ ಆಗಬೇಕು. ಪೂರ್ತಿ ಓದುವವರೆಗೆ ಇಲ್ಲ ಅನ್ನಬೇಡ.

ನಮ್ಮ ವಿಭಾಗದಲ್ಲಿ ಎಂ.ಎ. ಎರಡನೆಯ ವರ್ಷಕ್ಕೆ ‘ಸಂಘರ್ಷ ಮತ್ತು ಶಾಂತಿ ನಿರ್ಮಾಣ’ ಅನ್ನುವ ಹೊಸ ವಿಷಯ ಬಂದಿದೆ. ಅದರ ಪಠ್ಯಕ್ರಮ ಮಾಡಿದವಳು ನಾನು. ಎರಡು ಬೇಸಿಗೆ ರಜೆಯನ್ನು ಅದಕ್ಕೇ ಸುರಿದಿದ್ದೇನೆ. ಹಡಪಸರದಲ್ಲಿ ಒಂದು ಕಾರ್ಖಾನೆಯ ಮುಷ್ಕರ ಮುಗಿದ ಮೇಲೆ ಎರಡೂ ಕಡೆಯವರನ್ನು ಮನೆ ಮನೆಗೆ ಹೋಗಿ ಮಾತಾಡಿಸಿ ಬಂದೆ. ಬರೀ ಆಫ್ರಿಕಾ, ಐರ್ಲೆಂಡ್ ಅಂತ ಪಾಠ ಮಾಡಿದರೆ ನಮ್ಮ ಹುಡುಗರು ಪರೀಕ್ಷೆಗೆ ಬರೆದು ಮರೆತುಬಿಡುತ್ತಾರೆ. ಈಗ ಇದನ್ನು ಕಲಿಸಲು ಅರೆಕಾಲಿಕ ಉಪನ್ಯಾಸಕರ ಒಂದು ಹುದ್ದೆ ಮಂಜೂರಾಗಿದೆ. ತಾಸಿಗಿಷ್ಟು ಅಂತ ಕೊಡುವ ಕೂಲಿಯಲ್ಲ, ಹುದ್ದೆ! ನಮ್ಮ ಎಂ.ಫಿಲ್. ಮುಗಿದಾಗಿನಿಂದ ನಾನು ಯಾರ್ಯಾರೋ ರಜೆ ಹಾಕಿದಾಗ ಅವರ ಪಾಠ ಮಾಡುತ್ತ ಬಂದವಳು. ಸ್ಟಾಫ್ ರೂಮಿನಲ್ಲಿ ಯಾರೂ ಏಳಿಸದ ಕುರ್ಚಿ ಒಂದು ಸಿಕ್ಕರೆ ಸಾಕಾಗಿದೆ ನನಗೆ.

ತೊಡಕು ಏನೆಂದರೆ, ಸಂದರ್ಶನಕ್ಕೆ ಮೂವರಾದರೂ ಹಾಜರಿರಬೇಕು. ಮಾರ್ಚಿನಲ್ಲಿ ಇಬ್ಬರೇ ಇದ್ದೆವು. ಸಮಿತಿಯವರು ಚಹಾ ಕುಡಿದು ಎದ್ದುಹೋದರು. ಈಗ ಮತ್ತೆ ಜಾಹೀರಾತು ಕೊಟ್ಟಿದ್ದಾರೆ. ಹಡಪಸರದ ಸ್ನೇಹಲ್ ಅನ್ನುವ ಹುಡುಗಿ ಬರಲು ಒಪ್ಪಿದ್ದಾಳೆ. ನಾನು ಒಬ್ಬಳು, ಅವಳು ಒಬ್ಬಳು. ಮೂರನೆಯವಳು ನೀನಾಗು.

ಇದು ಇಲ್ಲಿನ ರೂಢಿ, ಹೆದರಬೇಡ. ಒಬ್ಬರಿಗೆ ಅಂತ ಇರುವ ಜಾಗಕ್ಕೆ ಉಳಿದವರು ಬಂದು ಕೂತು ಹೋಗುತ್ತಾರೆ. ನಾನೂ ನಾಲ್ಕಾರು ಕಾಲೇಜುಗಳಲ್ಲಿ ಹೀಗೆ ಕೂತು ಬಂದಿದ್ದೇನೆ. ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು, ಉಳಿದರ್ಧಕ್ಕೆ ಸೂರು ನೋಡಿ, ನಮಸ್ಕಾರ ಹೇಳಿ ಬರುವುದು. ಕೆಲಸ ಸಿಕ್ಕವರು ಉಡುಪಿ ಹೋಟೆಲಿನಲ್ಲಿ ದೋಸೆ ಕೊಡಿಸುತ್ತಾರೆ. ನಮ್ಮ ಮುಖ್ಯಸ್ಥರು ಶಿವಪುತ್ರಪ್ಪ ಸರ್, ಬಿಜಾಪುರ ಕಡೆಯವರು, ಅವರಿಗೂ ಗೊತ್ತು. “ಮೂರು ಮಂದಿನ್ನ ಕೂಡಸ್ರಿ ಕುಸುಮಾ, ಮುಂದಿಂದು ನನಗ ಬಿಡ್ರಿ” ಅಂದಿದ್ದಾರೆ.

ಎಂ.ಫಿಲ್., ನೆಟ್ ಪರೀಕ್ಷೆ, ನಿನ್ನ ಹತ್ತಿರ ಏನೇನಿದೆಯೋ ಎಲ್ಲದರ ಝೆರಾಕ್ಸ್ ಕಳಿಸು. ಕಾಗದ ಕಮ್ಮಿಯಾದರೆ ಅರ್ಜಿಯನ್ನು ಮೊದಲೇ ತೆಗೆದುಹಾಕುತ್ತಾರೆ, ಆಗ ನೀನು ಬಂದೂ ಉಪಯೋಗವಿಲ್ಲ. ಅರ್ಜಿ ನಾನೇ ತುಂಬುತ್ತೇನೆ.

ನಿನ್ನ
ಕುಸುಮಿ

~

ಇಂದಾಪುರ
೨೨ ಜೂನ್ ೨೦೦೪

ಪ್ರೀತಿಯ ಕುಸುಮಿ,

ಬರುತ್ತೇನೆ. ಕನ್ನಡ ಶಾಲೆಯಲ್ಲಿ ನಿನ್ನ ಗಣಿತದ ಮನೆಪಾಠ ನೋಡಿ ಬರೆದವಳು ನಾನು, ಒಂದು ದಿನ ಬಂದು ಕೂರಲು ಆಗದೇ?

ಝೆರಾಕ್ಸ್ ಕಳಿಸಿದ್ದೇನೆ. ನೆಟ್ ಪ್ರಮಾಣಪತ್ರ ಮದುವೆ ಸೀರೆಗಳ ಕೆಳಗೆ ಇತ್ತು. ಪಾಸಾದ ವರ್ಷವೇ ಮದುವೆಯಾಯಿತಲ್ಲ, ಅದನ್ನು ಯಾರಿಗೂ ತೋರಿಸುವ ಸಂದರ್ಭವೇ ಬರಲಿಲ್ಲ. ಝೆರಾಕ್ಸ್ ಅಂಗಡಿಯ ಹುಡುಗಿ ಅದನ್ನು ಎರಡು ಸಲ ತಿರುಗಿಸಿ ನೋಡಿ, “ಕಾಕೂ, ಹೇ ತುಮ್ಚಂ?” ಅಂದಳು. ಇದು ನಿಮ್ಮದಾ ಅಂತ! ನನಗೇ ಸಂಶಯ ಬಂತು.

ಇಲ್ಲಿಯ ಸುದ್ದಿ ಹಳೆಯದೇ. ಇವರೂ ಮೈದುನನೂ ಅಂಗಡಿಯ ನಡುವೆ ಪ್ಲೈವುಡ್ ಹೊಡೆಸಿದ್ದಾರೆ. ಆ ಕಡೆ ಬೀಜ, ಈ ಕಡೆ ಗೊಬ್ಬರ. ಅಣ್ಣತಮ್ಮ ಮಾತಾಡುವುದಿಲ್ಲ. ಮಧ್ಯಾಹ್ನ ಎರಡೂ ಕಡೆಗೆ ಒಂದೇ ಕಿಟಲಿಯಿಂದ ಚಹಾ ಕೊಡುವವಳು ನಾನು, ಎರಡೂ ಕಡೆಯ ಬೈಗುಳ ಕೇಳುವವಳೂ ನಾನು.

ಇವರಿಗೆ ಹೇಳಿದೆ. “ಹೋಗಿ ಬಾ. ನೌಕರಿ ಏನ ಸಿಗೂದಿಲ್ಲಲ್ಲಾ?” ಅಂದರು. ಇಲ್ಲ ಅಂದೆ. ಇಬ್ಬರೂ ನಕ್ಕೆವು.

ಏನೂ ಓದಿಕೊಂಡು ಬರಬೇಡ ಅನ್ನುತ್ತೀಯ, ಗೊತ್ತು. ಆದರೂ ನಿನ್ನ ಪಠ್ಯಕ್ರಮದ ಒಂದು ಪ್ರತಿ ಕಳಿಸು, ಸುಮ್ಮನೆ ನೋಡುತ್ತೇನೆ.

ನಿನ್ನ
ಅಂಬಾ

~

ಪುಣೆ
೧೬ ಜುಲೈ ೨೦೦೪

ಅಂಬಾ,

ಮೊದಲು ಕೂತುಕೋ. ನಾನು ನಿನ್ನೆಯಿಂದ ಕೂತೇ ಇದ್ದೇನೆ.

ಬುಧವಾರ ಸಂದರ್ಶನ ಮುಗಿಸಿ ನಾವು ಮೂವರೂ ದೋಸೆ ತಿಂದೆವಲ್ಲ, ಬಿಲ್ಲು ನಾನೇ ಕೊಟ್ಟೆನಲ್ಲ, ಆ ದೋಸೆಯನ್ನು ನೀನು ಕೊಡಿಸಬೇಕಿತ್ತು. ಕೆಲಸ ನಿನಗೆ ಸಿಕ್ಕಿದೆ.

ತಮಾಷೆಯಲ್ಲ. ನಿನ್ನೆ ಶಿವಪುತ್ರಪ್ಪ ಸರ್ ಕರೆಸಿದರು. ನನ್ನ ಮುಖ ನೋಡದೆ ಪೇಪರ್‌ವೇಟ್ ತಿರುಗಿಸುತ್ತ ಕೂತಿದ್ದರು. ಸಮಿತಿಗೆ ಹೊರಗಿನಿಂದ ಬಂದಿದ್ದ ತಜ್ಞರು ಹೊಸಬರಂತೆ, ಇಲ್ಲಿಯ ರೂಢಿ ಗೊತ್ತಿಲ್ಲದ ಮನುಷ್ಯ. ಎಲ್ಲರ ಕಾಗದ ಬಿಡಿಸಿ ಓದಿದರಂತೆ. ನೆಟ್ ಆದವರು ಒಬ್ಬರೂ ಬರದಿದ್ದರೆ ಮಾತ್ರ ನನ್ನಂಥ ಬರೀ ಎಂ.ಫಿಲ್. ಆದವರನ್ನು ಆ ವರ್ಷಕ್ಕೆ ತೆಗೆದುಕೊಳ್ಳಬಹುದು. ನೆಟ್ ಆದವರು ಎದುರಿಗೇ ಕೂತಿರುವಾಗ ನಿಯಮ ಮೀರಿ ಸಹಿ ಹಾಕಲಾರೆ ಅಂದರಂತೆ.

“ನಾ ಹೇಳಿ ನೋಡಿದೆ ಕುಸುಮಾ,” ಅಂದರು ಸರ್. “ಕುಸುಮಾಬಾಯಾರು ಎಲ್ಲಾ ತಯಾರಿ ಮಾಡ್ಯಾರ, ವಿಷಯಾನೇ ಅವರದು ಅಂದೆ. ‘ಅದು ಎಲ್ಲಿ ಬರದದ, ತೋರಸ್ರಿ’ ಅಂದ್ರು. ಎಲ್ಲೂ ಬರದಿಲ್ಲಲ್ಲ. ನಾ ಏನ ತೋರಸ್ಲಿ?”

ಆ ನಿಯಮ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಾಯಿಪಾಠ ಇತ್ತು. ಆದರೆ ನಿನ್ನನ್ನು ನಾನು ಅಭ್ಯರ್ಥಿ ಅಂತ ಒಂದು ಗಳಿಗೆಯೂ ಎಣಿಸಿರಲಿಲ್ಲ ಅಂಬಾ. ನೀನು ಖಾಲಿ ಜಾಗ ತುಂಬಲು ಬಂದವಳು. ನಿನ್ನ ನೆಟ್ ಪ್ರಮಾಣಪತ್ರವನ್ನು ಅರ್ಜಿಗೆ ಪಿನ್ನು ಹೊಡೆದು ಲಗತ್ತಿಸಿದವಳು ನಾನೇ. ಬೇಕಿದ್ದರೆ ನಗು, ನನಗೂ ನಗು ಬಂದು ಹೋಯಿತು.

ಇನ್ನೊಂದು ಮಾತು. ನೀನು ಭಾಳ ಚೆನ್ನಾಗಿ ಉತ್ತರಿಸಿದೆ ಅಂತ ಸರ್ ಹೇಳಿದರು. ಹೋಟೆಲಿನಲ್ಲಿ ನಾನು ‘ಏನು ಕೇಳಿದರು?’ ಅಂದರೆ ನೀನು ‘ಚಟ್ನಿ ಚೆನ್ನಾಗಿದೆ’ ಅಂದೆ.

ಈಗ ಏನು ಮಾಡುವುದು, ಹೇಳು.

ಕುಸುಮಿ

~

ಇಂದಾಪುರ
೨೧ ಜುಲೈ ೨೦೦೪

ಪ್ರೀತಿಯ ಕುಸುಮಿ,

ನಿನ್ನ ಪತ್ರಕ್ಕೂ ಮೊದಲೇ ವಿಭಾಗದ ಪತ್ರ ಬಂತು. ಇವರು ಅದನ್ನು ಓದಿ ನನ್ನ ಕೈಗೆ ಕೊಟ್ಟು ಅಂಗಡಿಗೆ ಹೋದರು. ಪ್ಲೈವುಡ್ ಆಚೆಯಿಂದ ಮೈದುನ ಮಾತ್ರ, “ವೈನಿ, ಪೇಢೆ ಎಲ್ಲಿ?” ಅಂತ ಕೂಗಿದ. ಅವನಿಗೆ ಹೇಗೆ ಗೊತ್ತಾಯಿತೋ.

ನಾನು ಬರುವುದಿಲ್ಲ. ನೀನು ಚಿಂತೆ ಮಾಡಬೇಡ. ‘ಕೌಟುಂಬಿಕ ಕಾರಣದಿಂದ ಹುದ್ದೆ ಸ್ವೀಕರಿಸಲಾರೆ’ ಅಂತ ಇಂಗ್ಲಿಷಿನಲ್ಲಿ ಚೊಕ್ಕವಾಗಿ ಬರೆದು, ಸಹಿ ಮಾಡಿ, ಲಕೋಟೆಗೆ ಹಾಕಿದ್ದೇನೆ. ಅಂಚೆ ಕಚೇರಿಗೆ ಹೋಗುವುದೊಂದು ಬಾಕಿ. ಎರಡು ದಿನದಿಂದ ಒಂದಲ್ಲ ಒಂದು ಕೆಲಸ ಬಂದು ಹೋಗಲು ಆಗಿಲ್ಲ.

ಏನು ಕೇಳಿದರು ಅಂತ ಕೇಳಿದ್ದೀಯ. ಹೋಟೆಲಿನಲ್ಲಿ ಹೇಳಲು ನಾಚಿಕೆಯಾಯಿತು. ಆ ತಜ್ಞರು, “ನಿಮ್ಮ ಪ್ರಕಾರ ಶಾಂತಿ ಅಂದರೆ ಏನು?” ಅಂದರು. ನೀನು ಹೇಳಿಕೊಟ್ಟ ಹಾಗೆ ಸೂರು ನೋಡಿದೆ. ಅವರು ಕಾಯುತ್ತ ಕೂತರು ಕುಸುಮಿ. ಪೆನ್ನು ಕೆಳಗಿಟ್ಟು, ನನ್ನ ಕಡೆ ತಿರುಗಿ ಕಾಯುತ್ತ ಕೂತರು. ನನ್ನ ಉತ್ತರಕ್ಕೆ ಹಾಗೆ ಯಾರಾದರೂ ಕಾದು ಎಷ್ಟು ಕಾಲವಾಗಿತ್ತೋ. ಬಾಯಿ ತಾನಾಗಿ ತೆರೆಯಿತು. ನಮ್ಮ ಅಂಗಡಿಯ ಗೋಡೆಯ ಕತೆ ಹೇಳಿದೆ, ಜಗಳ ನಿಂತಿಲ್ಲ, ಮಾತು ಮಾತ್ರ ನಿಂತಿದೆ, ಹೊರಗಿನವರು ಅದನ್ನೇ ಶಾಂತಿ ಅನ್ನುತ್ತಾರೆ ಅಂದೆ. ಆಮೇಲೆ ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಹೊರಗೆ ಬಂದಾಗ ನೀನು ಬೆಂಚಿನ ಮೇಲೆ ಕೂತು ನಗುತ್ತಿದ್ದೆ. ಇಷ್ಟು ಹೊತ್ತು ಏನು ಮಾಡಿದೆ ಅಂತ ನೀನೇ ಕೇಳಿದೆ.

ನಾಳೆ ಖಂಡಿತ ಪೋಸ್ಟ್ ಮಾಡುತ್ತೇನೆ.

ನಿನ್ನ
ಅಂಬಾ

~

ಪುಣೆ
೨೮ ಜುಲೈ ೨೦೦೪

ಅಂಬಾ,

ಪೋಸ್ಟ್ ಮಾಡಿಲ್ಲವಾದರೆ ಮಾಡಬೇಡ.

ಭಾನುವಾರ ಶಿವಪುತ್ರಪ್ಪ ಸರ್ ಮನೆಗೆ ಬಂದಿದ್ದರು. ಅವ್ವ ಗಾಬರಿಯಾಗಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು, ಅವರು ಅದನ್ನು ಪೂರ್ತಿ ತಿಂದರು. ಕೇಳಿದ್ದು ಇಷ್ಟು: ಸಮಿತಿ ನಿನ್ನೊಬ್ಬಳ ಹೆಸರನ್ನೇ ಬರೆದಿದೆ. ನೀನು ಬರದಿದ್ದರೆ ನನ್ನ ಹೆಸರಾಗಲಿ ಸ್ನೇಹಲ್ ಹೆಸರಾಗಲಿ ಅದರ ಕೆಳಗಿಲ್ಲ. ಹುದ್ದೆ ಹೋಗುತ್ತದೆ. ಕಲಿಸುವವರಿಲ್ಲ ಅಂತ ವಿಷಯವನ್ನೂ ತೆಗೆಯುತ್ತಾರೆ. ಅದನ್ನು ಆರಿಸಿಕೊಂಡ ಹುಡುಗರನ್ನು ಎಬ್ಬಿಸಿ ಬೇರೆ ವಿಷಯಕ್ಕೆ ಕೂರಿಸುತ್ತಾರೆ.

“ಇದರಾಗ ಯಾರ ತಪ್ಪೂ ಇಲ್ಲ ನೋಡ್ರಿ,” ಅಂದರು ಸರ್. “ಇದ್ದಿದ್ರ ಛೊಲೊ ಇತ್ತು, ಅವರಿಗೆ ಬೈದು ನಾ ಹಗರ ಆಗ್ತಿದ್ದೆ.”

ಅವರು ಹೋದ ಮೇಲೆ ಅತ್ತುಬಿಟ್ಟೆ. ಇದನ್ನು ನಿನಗೆ ಹೇಳಬಾರದು ಅಂತಿದ್ದೆ. ಆದರೆ ಇಷ್ಟು ವರ್ಷ ಎಲ್ಲವನ್ನೂ ನಿನಗೇ ಹೇಳಿ ರೂಢಿ, ಬೇರೆ ಯಾರಿಗೆ ಹೇಳಲಿ? ನಿನ್ನ ಮೇಲೆ ಸಿಟ್ಟು ಮಾಡಿಕೊಂಡರೆ ನಾನು ಹುಚ್ಚಿ. ಮಾಡಿಕೊಳ್ಳದೆ ಇರಲೂ ಆಗುತ್ತಿಲ್ಲ.

ನೀನು ಕೆಲಸಕ್ಕೆ ಬಾ. ನನಗೆ ಸಿಗದಿದ್ದರೂ ವಿಷಯ ಉಳಿಯಲಿ. ನನ್ನ ಟಿಪ್ಪಣಿ, ಹಡಪಸರದವರ ಮಾತು, ಎಲ್ಲವನ್ನೂ ಕಟ್ಟಿ ಸರ್ ಕೋಣೆಯಲ್ಲಿ ಇಟ್ಟಿರುತ್ತೇನೆ. ನಾನು ಅಲ್ಲಿ ಇರುವುದಿಲ್ಲ. ಹುದ್ದೆಗೆ ಜನ ಬಂದ ಮೇಲೆ ತಾಸಿನ ಪಾಠಗಳೂ ಮೊದಲು ಅವರಿಗೇ ಹೋಗುತ್ತವೆ. ಅದೂ ನಿಯಮವೇ.

ಕುಸುಮ

~

ಇಂದಾಪುರ
೨೯ ಆಗಸ್ಟ್ ೨೦೦೪

ಪ್ರೀತಿಯ ಕುಸುಮಿ,

ಇದು ನಾನು ಬರೆಯುತ್ತಿರುವ ಮೂರನೆಯ ಪತ್ರ. ಮೊದಲಿನ ಎರಡು ತಲುಪಿಲ್ಲ ಅಂತ ತಿಳಿದುಕೊಳ್ಳುತ್ತೇನೆ.

ಮಂಗಳವಾರ, ಗುರುವಾರ ಬೆಳಗಿನ ಎಸ್.ಟಿ. ಹಿಡಿದು ಪಾಠಕ್ಕೆ ಬರುತ್ತೇನೆ. ಬಸ್ಸಿನಲ್ಲಿ ನಿನ್ನ ಟಿಪ್ಪಣಿ ಓದುತ್ತೇನೆ. ಅಂಚಿನಲ್ಲಿ ನೀನು ‘ಇಲ್ಲಿ ನಿಲ್ಲಿಸು, ಹುಡುಗರು ಮಾತಾಡಲಿ’ ಅಂತ ಬರೆದ ಕಡೆ ನಿಲ್ಲಿಸುತ್ತೇನೆ. ಅವರು ಮಾತಾಡುತ್ತಾರೆ. ಮೊದಲ ದಿನ ಒತ್ತಿ ಬರೆದು ಸೀಮೆಸುಣ್ಣ ಮುರಿಯಿತು, ಈಗ ಅಷ್ಟಿಲ್ಲ. ಮನೆಯಲ್ಲಿ ಇವರು ಎರಡು ದಿನ ತಾವೇ ಕುಕ್ಕರ್ ಇಡುತ್ತಾರೆ. ಒಂದು ಸೀಟಿಗೇ ಇಳಿಸಿ ಬೇಳೆಯನ್ನು ಅರೆಬೇಯಿಸಿ ಬಿಡುತ್ತಾರೆ, ಆದರೂ ಇಡುತ್ತಾರೆ.

ಶಿವಪುತ್ರಪ್ಪ ಸರ್ ಹತ್ತಿರ ಒಂದು ಮಾತು ಕೇಳಿದೆ. ಹೆಸರು ನನ್ನದಿರಲಿ, ವಾರಕ್ಕೆ ಒಂದು ಪಾಠ ಕುಸುಮ ಮಾಡಲಿ ಅಂತ. “ಹಾಜರಿಗೆ ಸಹಿ ಮಾಡೂದು ನೀವು, ಪಾಠ ಮಾಡೂದು ಅವರು. ನಾಳೆ ಯಾರರ ತಕರಾರು ಮಾಡಿದ್ರ ಇಬ್ಬರೂ ಹೋಗ್ತೀರಿ” ಅಂದರು.

ಸ್ಟಾಫ್ ರೂಮಿನಲ್ಲಿ ಕಿಟಕಿಯ ಪಕ್ಕದ ಕುರ್ಚಿ ಕೊಟ್ಟಿದ್ದಾರೆ. ನಾನು ಅದರಲ್ಲಿ ಕೂರುವುದಿಲ್ಲ. ಗ್ರಂಥಾಲಯಕ್ಕೆ ಹೋಗುತ್ತೇನೆ. ಇದನ್ನು ನಿನಗೆ ಮೆಚ್ಚುಗೆಯಾಗಲಿ ಅಂತ ಬರೆಯುತ್ತಿದ್ದೇನೇನೋ ಅನ್ನಿಸಿತು, ಹೊಡೆದುಹಾಕಬೇಕೆಂದೆ. ಇರಲಿ ಬಿಡು.

ಒಂದು ಸಾಲಾದರೂ ಬರಿ. ಬೈದಾದರೂ ಬರಿ.

ನಿನ್ನ
ಅಂಬಾ

~

ಪುಣೆ, ಬಸ್ ನಿಲ್ದಾಣದಿಂದ
೨೬ ಅಕ್ಟೋಬರ್ ೨೦೦೪

ಕುಸುಮಿ,

ಇವತ್ತು ಪಾಠ ಮುಗಿಸಿ ನಿಮ್ಮ ಮನೆಗೆ ಹೋಗಿದ್ದೆ. ದಸರೆ ಮುಗಿದು ನಾಲ್ಕು ದಿನವಾಯಿತು, ಬನ್ನಿ ಕೊಡದೆ ಹಾಗೇ ಉಳಿಸಿಕೊಂಡಿದ್ದೆ. ಸಣ್ಣವರಿದ್ದಾಗ ಎಷ್ಟು ಜಗಳವಾಡಿದ್ದರೂ ಅವತ್ತು ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಅಂದರೆ ಮುಗಿಯುತ್ತಿತ್ತು.

ನಿಮ್ಮ ಅವ್ವ, ಕಾಶವ್ವ, ಬಾಗಿಲು ತೆಗೆದಳು. ಬನ್ನಿ ತೆಗೆದುಕೊಂಡು ತಲೆ ನೇವರಿಸಿದಳು. “ಕುಸುಮಾ ಚಾಕಣಕ್ಕ ಹೋಗ್ಯಾಳವ್ವಾ. ಅಲ್ಲಿ ಕಾರಿನ ಸಾಮಾನು ಮಾಡೂ ಫ್ಯಾಕ್ಟರ್ಯಾಗ, ಆಫೀಸಿನ್ಯಾಗ, ಕೆಲಸ ಹಿಡದಾಳ” ಅಂದಳು. ಊಟ ಮಾಡದೆ ಬಿಡಲಿಲ್ಲ. ರೊಟ್ಟಿ, ಬದನೆಕಾಯಿ ಎಣಗಾಯಿ. ನಾನು ಉಣ್ಣುತ್ತಿದ್ದಾಗ ಅವಳು ಎರಡು ಸಲ ಒಳಕೋಣೆಯ ಕಡೆ ನೋಡಿದಳು. ಆ ಕೋಣೆಯ ಬಾಗಿಲು ಮುಚ್ಚಿತ್ತು.

ಹೊರಗೆ ನಿನ್ನ ಕೊಲ್ಹಾಪುರಿ ಚಪ್ಪಲಿ ಇದ್ದವು. ನಿನ್ನ ಹತ್ತಿರ ಎರಡು ಜೊತೆ ಇರಬಹುದು.

ನಾನು ಜೋರಾಗಿಯೇ ಮಾತಾಡಿದೆ. ಹುಡುಗರು ಹೇಗೆ ಓದುತ್ತಾರೆ ಅಂತ ಕಾಶವ್ವನಿಗೆ ಬೇಕಿಲ್ಲದ್ದನ್ನೆಲ್ಲ ಹೇಳಿದೆ. ಬಸ್ಸು ಬಂತು.

ಅಂಬಾ

~

ಪುಣೆ
೨೩ ಜನವರಿ ೨೦೦೫

ಅಂಬಾ,

ನಿನ್ನ ಎಲ್ಲ ಪತ್ರಗಳೂ ತಲುಪಿವೆ. ನನ್ನ ಹತ್ತಿರ ಇರುವುದು ಒಂದೇ ಜೊತೆ ಚಪ್ಪಲಿ. ಅವತ್ತು ಕೆಲಸಕ್ಕೆ ರಜೆ ಹಾಕಿದ್ದೆ. ನೀನು ಹೋದ ಮೇಲೆ ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, “ನೀನೇ ಕರದಿ, ಆಕಿ ಬಂದಳು. ಆಕೀದೇನ ತಪ್ಪು?” ಅಂದಳು. ತಪ್ಪೇನೂ ಇಲ್ಲ ಅಂದೆ. ಹಂಗಾರ ಯಾಕ ಅಂದಳು. ಗೊತ್ತಿಲ್ಲ ಅಂದೆ. ಇಷ್ಟು ಓದಿಸಿದ ಮಗಳ ಬಾಯಲ್ಲಿ ಇಷ್ಟೇ ಬಂತಲ್ಲ ಅಂತ ಅವಳಿಗೆ ಅನ್ನಿಸಿರಬೇಕು.

ಚಾಕಣದ ಕೆಲಸ ಚೆನ್ನಾಗಿದೆ. ನೋಟೀಸು ಬರೆಯುತ್ತೇನೆ, ರಜೆ ಅರ್ಜಿ ನೋಡುತ್ತೇನೆ, ಯಾರಾದರೂ ಗೇಟಿನ ಹತ್ತಿರ ಗುಂಪು ಕೂಡಿದರೆ ಸಾಹೇಬರು “ಮ್ಯಾಡಮ್, ನೀವು ಹೋಗಿ ಸಮಜಾಯಿಸಿ” ಅಂತ ಕಳಿಸುತ್ತಾರೆ. ಹೋಗಿ ಸಮಜಾಯಿಸುತ್ತೇನೆ. ಅವರ ಬೇಡಿಕೆ ಸರಿ ಅಂತ ನನಗೆ ಗೊತ್ತಿರುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ಒಂದಿಷ್ಟು ಹೊತ್ತು ನಿಂತು ಒಳಗೆ ಹೋಗುತ್ತಾರೆ.

ಈ ಪತ್ರ ಬರೆಯಲು ಕಾರಣ ಬೇರೆ. ಗುರುವಾರ ನಮ್ಮ ಕಾರ್ಖಾನೆಗೆ ರಜೆ. ಅನುಭವ ಪ್ರಮಾಣಪತ್ರ ಬೇಕಾಗಿತ್ತು ಅಂತ ವಿಭಾಗಕ್ಕೆ ಬಂದೆ. ಗುರುವಾರ ನಿನ್ನ ಪಾಠ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಬಂದೆನೋ ಏನೋ, ಅದನ್ನು ಕೇಳಬೇಡ. ಗುಮಾಸ್ತರು ಊಟಕ್ಕೆ ಹೋಗಿದ್ದರು. ನಾನು ಮಹಡಿ ಹತ್ತಿ, ನಿನ್ನ ತರಗತಿಯ ಹಿಂದಿನ ಬಾಗಿಲ ಪಕ್ಕ, ಗೋಡೆಗೆ ಒರಗಿ ನಿಂತೆ.

ನೀನು ಕೆಟ್ಟದಾಗಿ ಪಾಠ ಮಾಡಲಿ ಅಂತ ಎಷ್ಟು ಆಸೆಯಿತ್ತು! ನನ್ನ ಟಿಪ್ಪಣಿ ನೋಡಿ ಗಿಳಿಯ ಹಾಗೆ ಒಪ್ಪಿಸುತ್ತಿದ್ದರೆ ಸುಖವಾಗಿ ಮನೆಗೆ ಬಂದು ನಿದ್ದೆ ಮಾಡುತ್ತಿದ್ದೆ. ನಿನ್ನ ಕೈಯಲ್ಲಿ ಟಿಪ್ಪಣಿಯೇ ಇರಲಿಲ್ಲ. ನನಗಿಂತ ಚೆನ್ನಾಗಿ ಮಾಡಿದೆ ಅಂಬಾ. ನಾನಾಗಿದ್ದರೆ ಹುಡುಗರ ಉತ್ತರಕ್ಕೆ ಅಷ್ಟು ಹೊತ್ತು ಕಾಯುತ್ತಿರಲಿಲ್ಲ, ನಾನೇ ಹೇಳಿಬಿಡುತ್ತಿದ್ದೆ.

ಆಮೇಲೆ ನೀನು ಮರಾಠಿಯಲ್ಲಿ ಒಂದು ಉದಾಹರಣೆ ಕೊಟ್ಟೆ. ಒಬ್ಬ ಹೆಂಗಸು ತನ್ನ ಗೆಳತಿಗೆ ಸೇರಬೇಕಾದ ಕುರ್ಚಿಯಲ್ಲಿ ಕೂತಿದ್ದಾಳೆ. ಕಿತ್ತುಕೊಂಡದ್ದಲ್ಲ, ಗೆಳತಿಯೇ ಕರೆದು ತಂದಳು. ಇಬ್ಬರೂ ಜಗಳವಾಡಿಲ್ಲ. ಇದು ಸಂಘರ್ಷವೇ, ಅಲ್ಲವೇ? ಒಬ್ಬ ಹುಡುಗ, ವ್ಯವಸ್ಥೆಯ ತಪ್ಪು ಅಂದ. ಇನ್ನೊಬ್ಬ, ಇಬ್ಬರೂ ಸೇರಿ ದೂರು ಕೊಡಬೇಕು ಅಂದ. ನನ್ನ ಪಠ್ಯಕ್ರಮದಲ್ಲಿ ಎರಡಕ್ಕೂ ಅಂಕ ಇದೆ. ಆಗ ಮುಂದಿನ ಸಾಲಿನಿಂದ ಇರಬೇಕು, ಒಂದು ಹುಡುಗಿ ಕೇಳಿದಳು, “ಮ್ಯಾಡಮ್, ಕುರ್ಚಿ ವಾಪಸ್ ಕೊಡಲು ದಾರಿ ಇದ್ದರೆ ಅವಳು ಕೊಡುತ್ತಾಳಾ?”

ನೀನು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟೆ. ನಂತರ ನೀನು “ನಾಹೀ” ಅಂದೆ. ಇಲ್ಲ ಅಂದೆ. ಮೆಲ್ಲಗೆ, ಆದರೆ ಹಿಂದಿನ ಬಾಗಿಲಿಗೂ ಕೇಳುವ ಹಾಗೆ.

ಸಿಟ್ಟು ಬರಲಿ ಅಂತ ಕಾದೆ. ಇಷ್ಟು ತಿಂಗಳು ಅದಕ್ಕೇ ಕಾದಿದ್ದೆ, ಅದೊಂದು ಬಂದಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಬರಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಇಷ್ಟೊಂದು ಪತ್ರ ಬರೆದೆಯಲ್ಲ, ಆ ಒಂದು ಮಾತನ್ನು ನನಗೇ ಬರೆದಿದ್ದರೆ ಆಗುತ್ತಿತ್ತು. ಅವತ್ತು ಊಟ ಮಾಡುತ್ತ ಆ ಮುಚ್ಚಿದ ಬಾಗಿಲಿಗೆ ಅದನ್ನೇ ಹೇಳಿದ್ದರೆ, ನಾನು ಎದ್ದು ಬರುತ್ತಿದ್ದೆ ಅನ್ನಿಸುತ್ತದೆ. ಬರುತ್ತಿರಲಿಲ್ಲವೋ ಏನೋ.

ನಿನ್ನ ಪಾಠ ಮುಗಿಯುವ ಮೊದಲೇ ಮೆಟ್ಟಿಲಿಳಿದು ಬಂದೆ. ಪ್ರಮಾಣಪತ್ರವನ್ನೂ ತೆಗೆದುಕೊಳ್ಳಲಿಲ್ಲ. ಅಲ್ಲೇ ನಿಂತಿದ್ದು ನೀನು ಎದುರು ಸಿಕ್ಕಿದ್ದರೆ, ಏನೂ ಆಗಿಲ್ಲವೆಂಬಂತೆ ಇಬ್ಬರೂ ನಗಬೇಕಾಗುತ್ತಿತ್ತು.

ಕುಸುಮ